ಬಿಸಿಲಿಗಿಟ್ಟ ಕುರ್ಚಿ

ಭಾನುವಾರ ಬೆಳಗ್ಗೆ ಹತ್ತು ಗಂಟೆ ಹೊತ್ತಿಗೆ ನಮ್ಮ ಬೀದಿಗೆ ಗುಜರಿಯವನು ಬರುತ್ತಾನೆ. 'ಹಳೇ ಪೇಪರ್, ಹಳೇ ಕಬ್ಬಿಣ, ಪ್ಲಾಸ್ಟಿಕ್ಕೇ...' ಅಂತ ಅವನು ರಾಗ ಎಳೆದರೆ ಸಾಕು, ಬೀದಿಯ ಅಷ್ಟೂ ಮನೆಯವರಿಗೆ ಅಟ್ಟದ ಮೇಲಿನ ಸಾಮಾನು ನೆನಪಾಗುತ್ತದೆ. ಮೊನ್ನೆ ಅವನ ಗಾಡಿ ಪಕ್ಕದ ಮನೆ ಮೇಷ್ಟ್ರ ಗೇಟಿನ ಮುಂದೆ ನಿಂತಿತ್ತು. ನಾನು ಕಾಂಪೌಂಡಿನ ಈಚೆ ದಾಸವಾಳ ಬಿಡಿಸುತ್ತಾ ಇದ್ದೆ. ನೋಡಿದರೆ, ಮೇಷ್ಟ್ರು ಪೇಪರಿನ ಕಟ್ಟಿನ ಜತೆ ಆ ಕೆಂಪು ಕುರ್ಚಿಯನ್ನೂ ಎತ್ತಿಕೊಂಡು ಬರುತ್ತಿದ್ದಾರೆ!

ಆ ಕುರ್ಚಿ ನಿಮಗೂ ಗೊತ್ತು. ಮದುವೆ ಮನೆಯ ಶಾಮಿಯಾನದ ಕೆಳಗೆ, ಪಂಚಾಯಿತಿ ಕಚೇರಿಯ ಮುಂದೆ, ಸಾವಿನ ಮನೆಯ ಅಂಗಳದಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರಲ್ಲ, ಅದೇ. ಯಾವ ಕಂಪನಿದಾದರೂ ನಮ್ಮ ಬೀದಿಯಲ್ಲಿ ಅದಕ್ಕೆ ನೀಲ್‌ಕಮಲ್ ಚೇರು ಅಂತಲೇ ಹೆಸರು. ಮೇಷ್ಟ್ರ ಮನೆಯದು ಗೃಹಪ್ರವೇಶಕ್ಕೆ ತಂದ ಆರರಲ್ಲಿ ಉಳಿದುಕೊಂಡ ಒಂದು. ಬಂದಾಗ ಕುಂಕುಮದ ಬಣ್ಣ. ಅಷ್ಟು ವರ್ಷ ಅಂಗಳದ ಬಿಸಿಲಲ್ಲೇ ಇದ್ದು ಈಗ ಹಳೇ ಇಟ್ಟಿಗೆಯ ಹಾಗೆ ಮಂಕಾಗಿದೆ. ಕೈ ಇಡುವ ಜಾಗದಲ್ಲಿ ಬೆರಳು ಎಳೆದರೆ ಸುಣ್ಣದ ಗೋಡೆ ಸವರಿದ ಹಾಗೆ ಪುಡಿ ಅಂಟುತ್ತದೆ. ಸಾಲದ್ದಕ್ಕೆ ಬೆನ್ನಿನ ಪಟ್ಟಿ ಸೀಟಿಗೆ ಸೇರುವ ಕಡೆ ಗೇಣುದ್ದ ಸೀಳು ಬಿಟ್ಟಿದೆ.

'ಮೇಷ್ಟ್ರೇ, ಅದನ್ನ ಯಾಕೆ ಹಾಕ್ತೀರಿ? ನಿಲ್ಲಿ, ನಿಲ್ಲಿ' ಅಂದೆ.

'ಇನ್ನೇನಮ್ಮಾ ಮಾಡೋದು ಇದನ್ನ? ಪ್ಲಾಸ್ಟಿಕ್ಕು. ಅದಕ್ಕೆಲ್ಲ ಏನು ಮರ್ಯಾದೆ' ಅಂದರು ಅವರು.

ಅಲ್ಲೇ ಹಿಡಿದುಕೊಂಡಿತು ನೋಡಿ ಮಾತು. ಗುಜರಿಯವನು ಪಾಪ, ತಕ್ಕಡಿ ಕೆಳಗಿಟ್ಟು ಹೊಂಗೆ ಮರದ ನೆರಳಿನಲ್ಲಿ ಕೂತ. ಮೇಷ್ಟ್ರ ಹೆಂಡತಿ ಮೂವರಿಗೂ ಕಾಫಿ ತಂದರು.

ಪ್ಲಾಸ್ಟಿಕ್ ಕುರ್ಚಿಗೆ ಮರ್ಯಾದೆ ಇದೆ ಅಂತ ನನಗೆ ಗೊತ್ತಾದದ್ದು ಬಲು ದೂರದಲ್ಲಿ. ನನ್ನ ತಂಗಿ ಮಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಅಂತ ತಂಗಿಯ ಜತೆ ನಾನೂ ಹೋಗಿದ್ದೆ. ಒಂದು ದಿನ 'ಬಾ ದೊಡ್ಡಮ್ಮ, ಇವತ್ತು ನಿನಗೆ ಕುರ್ಚಿ ತೋರಿಸ್ತೀನಿ' ಅಂದಳು. ಅಲ್ಲಿ 8ನೇ ನಂಬರಿನ ಟ್ರಾಮ್ ಹತ್ತಿದರೆ ಅದು ಹಾಗೇ ಗಡಿ ದಾಟಿ ಜರ್ಮನಿಯ ವೈಲ್ ಆಮ್ ರೈನ್ ಊರಿಗೆ ಹೋಗಿಬಿಡುತ್ತದೆ. ನಾವು ಮೈಸೂರಿನಿಂದ ನಂಜನಗೂಡಿಗೆ ಹೋದ ಹಾಗೆ ಅವರು ದೇಶ ದಾಟುತ್ತಾರೆ! ಅಲ್ಲಿ ವಿಟ್ರಾ ಅನ್ನುವ ಪೀಠೋಪಕರಣದ ಕಂಪನಿಯವರ ವಸ್ತುಸಂಗ್ರಹಾಲಯ ಇದೆ. ಅದರ ಒಂದು ಭಾಗಕ್ಕೆ ಶೌಡೆಪೋ ಅಂತ ಹೆಸರು, 2016ರಲ್ಲಿ ತೆರೆದದ್ದು. ಒಳಗೆ ಕಾಲಿಟ್ಟರೆ ಹಲಗೆಗಳ ಮೇಲೆ ಸಾಲು ಸಾಲಾಗಿ ನಾನೂರರಷ್ಟು ಪೀಠೋಪಕರಣ, ಹೆಚ್ಚಿನವು ಕುರ್ಚಿಗಳೇ. ನನಗೆ ಥಟ್ಟನೆ ನವರಾತ್ರಿಯ ಬೊಂಬೆ ಹಬ್ಬ ಕಣ್ಣಿಗೆ ಬಂತು. ನಾವು ಪಟ್ಟದ ಬೊಂಬೆ, ಮದುವೆ ದಿಬ್ಬಣ, ಶೆಟ್ಟಿ ಅಂಗಡಿ ಅಂತ ಮೆಟ್ಟಿಲ ಮೇಲೆ ಕೂರಿಸುತ್ತೇವಲ್ಲ, ಥೇಟ್ ಹಾಗೇ ಇವರು ಕುರ್ಚಿಗಳನ್ನು ಕೂರಿಸಿದ್ದಾರೆ. ಕೂರುವುದಕ್ಕೆ ಅಂತ ಹುಟ್ಟಿದ್ದನ್ನೇ ಕೂರಿಸಿಬಿಟ್ಟಿದ್ದಾರೆ, ಅಲ್ವಾ?

ಆ ಕಟ್ಟಡಕ್ಕೆ ಕಿಟಕಿಯೇ ಇಲ್ಲ. ಹಂಚಿನ ಮನೆಯ ಆಕಾರದ ಇಟ್ಟಿಗೆ ಗೋಡೆ, ಒಂದು ಬಾಗಿಲು, ಅಷ್ಟೇ. ಒಳಗಿರುವ ಪ್ಲಾಸ್ಟಿಕ್ಕಿಗೆ ಬಿಸಿಲಿನ ಒಂದು ಕೋಲೂ ತಾಕುವ ಹಾಗಿಲ್ಲ. ಮೇಷ್ಟ್ರ ಕುರ್ಚಿ ನೋಡಿದರೆ ಅದರಲ್ಲಿ ಎಷ್ಟು ಅರ್ಥ ಇದೆ ಅಂತ ಗೊತ್ತಾಗುತ್ತದೆ. ಪ್ಲಾಸ್ಟಿಕ್ಕಿಗೆ ಸಾವೇ ಇಲ್ಲ ಅಂತ ನಾವೆಲ್ಲ ನಂಬಿಕೊಂಡಿದ್ದೀವಿ. ಕಸದ ಗುಂಡಿಯಲ್ಲಿ ಅದು ಚಿರಂಜೀವಿ, ನಿಜ. ಆದರೆ ಕುರ್ಚಿಯಾಗಿ ಅದಕ್ಕೆ ಆಯಸ್ಸು ಇದೆ, ಕಾಯಿಲೆಯೂ ಇದೆ. ಮೇಷ್ಟ್ರು ವಿಜ್ಞಾನ ಕಲಿಸಿದವರು, ಅವರೇ ಹೇಳಿದರು: 'ಅಣುಗಳ ಉದ್ದುದ್ದ ಸರಪಳಿ ಇರುತ್ತೆ ಕಣಮ್ಮಾ. ಬಿಸಿಲಿನ ನೇರಳಾತೀತ ಕಿರಣ ಅದನ್ನ ಕೊಂಡಿ ಕೊಂಡಿಯಾಗಿ ಕತ್ತರಿಸುತ್ತೆ. ಮೇಲಿನ ಪದರ ಪುಡಿಯಾಗಿ ಉದುರೋದು ಅದಕ್ಕೇ.' ಹಾಗಂದವರೇ ಇಷ್ಟು ವರ್ಷ ಕುರ್ಚಿಯನ್ನು ಬಿಸಿಲಿಗಿಟ್ಟಿದ್ದಾರೆ!

ಆ ಬೊಂಬೆ ಸಾಲಿನಲ್ಲಿ ನಾನು ತುಂಬಾ ಹೊತ್ತು ನಿಂತದ್ದು ಇಟಲಿಯವರ ಕುರ್ಚಿಗಳ ಮುಂದೆ. ಇಟಲಿಯ ಕಥೆ ಶುರುವಾಗೋದು ಕುರ್ಚಿಯಿಂದ ಅಲ್ಲ, ಬಕೆಟ್ಟಿನಿಂದ. ಮಿಲಾನಿನಲ್ಲಿ ಜೂಲಿಯೊ ಕಾಸ್ಟೆಲ್ಲಿ ಅಂತ ಒಬ್ಬ ಕೆಮಿಕಲ್ ಎಂಜಿನಿಯರು 1949ರಲ್ಲಿ ಕಾರ್ಟೆಲ್ ಅನ್ನುವ ಕಂಪನಿ ತೆಗೆದರು. ಮೊದಮೊದಲು ಮಾಡಿದ್ದು ಕಾರಿನ ಮೇಲೆ ಹಿಮದ ಜಾರುಹಲಗೆ ಕಟ್ಟುವ ಸ್ಟ್ಯಾಂಡು, ಆಮೇಲೆ ಬಕೆಟ್ಟು, ಕಸದ ಮೊರ, ನಿಂಬೆಹಣ್ಣು ಹಿಂಡುವ ಬಟ್ಟಲು. ಅವರ ಕಂಪನಿಗೆ ಜೀನೊ ಕೊಲೊಂಬಿನಿ ಮಾಡಿಕೊಟ್ಟ ಮುಚ್ಚಳದ ಬಕೆಟ್ಟಿಗೆ 1955ರಲ್ಲಿ 'ಕಂಪಾಸೊ ದೊರೊ' ಬಹುಮಾನ ಬಂತು. ಚಿನ್ನದ ಕೈವಾರ ಅಂತ ಅದರ ಅರ್ಥ, ವಿನ್ಯಾಸಕ್ಕೆ ಇಟಲಿಯಲ್ಲಿ ಅದಕ್ಕಿಂತ ದೊಡ್ಡ ಗೌರವ ಇಲ್ಲ. ಬಚ್ಚಲುಮನೆಯ ಬಕೆಟ್ಟಿಗೆ! ನನಗೆ ಇದು ಎಷ್ಟು ಇಷ್ಟವಾಯಿತು ಅಂದರೆ, ಮನೆಗೆ ಬಂದು ನಮ್ಮ ಬಕೆಟ್ಟಿನ ಕಿವಿ ಹೇಗೆ ಕೂಡಿಸಿದ್ದಾರೆ, ಅಂಚನ್ನು ಯಾಕೆ ಹೊರಕ್ಕೆ ಮಡಿಸಿದ್ದಾರೆ ಅಂತ ಬಗ್ಗಿ ನೋಡಿದೆ. ಅಂಚು ಮಡಿಸದೆ ಇದ್ದರೆ ನೀರು ತುಂಬಿದಾಗ ಬಕೆಟ್ಟು ಬಾಯಗಲಿಸಿಬಿಡುತ್ತದೆ. ಎಲ್ಲದಕ್ಕೂ ಯಾರೋ ಕೂತು ಯೋಚನೆ ಮಾಡಿರುತ್ತಾರೆ ನೋಡಿ.

ಇನ್ನೊಂದು ವಿಷಯ. ಈ ಕಾಸ್ಟೆಲ್ಲಿಯವರಿಗೆ ಮಿಲಾನಿನ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿದವರು ಜೂಲಿಯೊ ನಾಟಾ. 1954ರಲ್ಲಿ ಗಟ್ಟಿ ಪಾಲಿಪ್ರೊಪಿಲೀನ್ ಮಾಡಿ, 1963ರಲ್ಲಿ ಕಾರ್ಲ್ ಜೀಗ್ಲರ್ ಜತೆ ನೊಬೆಲ್ ಹಂಚಿಕೊಂಡವರು. ಮೇಷ್ಟ್ರ ಕೆಂಪು ಕುರ್ಚಿಯೂ ಅದೇ ಪಾಲಿಪ್ರೊಪಿಲೀನಿನದು. 'ಅಂದರೆ ಮೇಷ್ಟ್ರೇ, ನೀವು ಗುಜರಿಗೆ ಹಾಕ್ತಾ ಇರೋ ಕುರ್ಚಿಯ ತಾತ ನೊಬೆಲ್ ಪಡೆದವರು' ಅಂದೆ. ಅವರು ಕುರ್ಚಿಯನ್ನು ನೆಲಕ್ಕೆ ಇಳಿಸಿದರು.

ಕಾಸ್ಟೆಲ್ಲಿಯವರ ಹೆಂಡತಿ ಆನ್ನಾ ಕಾಸ್ಟೆಲ್ಲಿ ಫೆರಿಯೆರಿ ವಾಸ್ತುಶಿಲ್ಪಿ. ಅವರು ಮಾಡಿದ 'ಕಾಂಪೊನಿಬಿಲಿ' ಅನ್ನುವ ದುಂಡನೆಯ ಪೆಟ್ಟಿಗೆ 1960ರ ದಶಕದ ಕೊನೆಯಲ್ಲಿ ಬಂತು, ಇವತ್ತಿಗೂ ಮಾಡುತ್ತಿದ್ದಾರೆ. ಡಬ್ಬದ ಮೇಲೆ ಡಬ್ಬ ಕೂರಿಸಿದ ಹಾಗೆ ಒಂದರ ಮೇಲೊಂದು ಕೂರಿಸಿದರೆ ಬೀರು ಆಯಿತು. ಮೊಳೆ ಇಲ್ಲ, ಸ್ಕ್ರೂ ಇಲ್ಲ, ಬಾಗಿಲಿಗೆ ಕೀಲು ಕೂಡ ಇಲ್ಲ. ಬೆರಳು ತೂರುವಷ್ಟು ಒಂದು ತೂತು, ಹಿಡಿದು ಸರಿಸಿದರೆ ಬಾಗಿಲು ದುಂಡಗೆ ಒಳಕ್ಕೆ ಜಾರಿಕೊಳ್ಳುತ್ತದೆ. ನಮ್ಮ ಅಜ್ಜಿಯ ಊಟದ ಕ್ಯಾರಿಯರ್ ನೆನಪಾಯಿತು. ಅದೂ ಒಂದು ಕಾಂಪೊನಿಬಿಲಿಯೇ.

ಮಾತು ಎಲ್ಲಿಗೋ ಹೋಯಿತು. ಕುರ್ಚಿಗೆ ಬರೋಣ. ಕುರ್ಚಿ ಹೇಗೆ ಅಚ್ಚಾಗುತ್ತದೆ ಅಂತ ಮೇಷ್ಟ್ರ ಹೆಂಡತಿ ಕೇಳಿದರು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಿದವರಿಗೆ ಇದನ್ನ ಹೇಳಿಕೊಡೋ ಅವಶ್ಯಕತೆಯೇ ಇಲ್ಲ ಅಂದೆ. ಮರದ ಅಚ್ಚಿನ ಎರಡು ಹೋಳು ನೀರಿನಲ್ಲಿ ನೆನೆಸಿ, ಜೋಡಿಸಿ ದಾರ ಬಿಗಿದು, ಮೇಲಿನ ತೂತಿನಿಂದ ಕುದಿಯುವ ಪಾಕ ಹೊಯ್ಯುತ್ತೇವೆ. ಆರಿದ ಮೇಲೆ ಹೋಳು ಬಿಡಿಸಿದರೆ ಗಿಳಿ, ಆನೆ, ಗೋಪುರ. ಕುರ್ಚಿಯೂ ಹೀಗೆಯೇ. ಅಲ್ಲಿ ಮರದ ಬದಲು ಉಕ್ಕಿನ ಅಚ್ಚು. ಪಾಕದ ಬದಲು ಇನ್ನೂರಕ್ಕೂ ಹೆಚ್ಚು ಡಿಗ್ರಿ ಶಾಖದಲ್ಲಿ ಕರಗಿದ ಪ್ಲಾಸ್ಟಿಕ್, ಅದನ್ನು ಹೊಯ್ಯುವುದಿಲ್ಲ, ಭಾರೀ ಒತ್ತಡದಲ್ಲಿ ಒಳಕ್ಕೆ ನುಗ್ಗಿಸುತ್ತಾರೆ. ಸಕ್ಕರೆ ಗಿಳಿಯ ಬೆನ್ನಿನ ಮೇಲೆ ಎರಡು ಹೋಳು ಕೂಡಿದ ಕಡೆ ಸಣ್ಣ ಏಣು ಇರುತ್ತದಲ್ಲ, ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲೂ ಇರುತ್ತದೆ. ಪಾಕ ಹೊಯ್ದ ಕಡೆ ಒಂದು ಮೊಟಕು ಉಳಿಯುತ್ತದಲ್ಲ, ಅದೂ ಇರುತ್ತದೆ. ಮೇಷ್ಟ್ರ ಕುರ್ಚಿಯನ್ನು ಬೋರಲು ಹಾಕಿ ತೋರಿಸಿದೆ. ಸೀಟಿನ ಅಡಿಯಲ್ಲಿ, ನಡುಮಧ್ಯೆ, ಕಡಲೆ ಕಾಳಿನಷ್ಟು ಒಂದು ದುಂಡು ಗುರುತು. ಇಡೀ ಕುರ್ಚಿ, ನಾಲ್ಕು ಕಾಲು, ಎರಡು ಕೈ, ಬೆನ್ನು, ಎಲ್ಲ ಆ ಒಂದು ತೂತಿನಿಂದ ಒಳಗೆ ಹರಿದು ಬಂದದ್ದು. ಕುರ್ಚಿಯ ಹೊಕ್ಕಳು ಅದು. ಮೇಷ್ಟ್ರ ಹೆಂಡತಿ ಅದರ ಮೇಲೆ ಬೆರಳಿಟ್ಟು ನೋಡಿ 'ಅಯ್ಯೋ, ಇಷ್ಟು ವರ್ಷ ಕೂತಿದ್ದೀವಿ, ಒಂದು ದಿನ ನೋಡಿಲ್ವಲ್ಲ' ಅಂದರು.

ಸಕ್ಕರೆ ಅಚ್ಚು ಮಾಡಿದವರಿಗೆ ಇನ್ನೊಂದು ಕಷ್ಟವೂ ಗೊತ್ತು. ಆನೆಯ ಸೊಂಡಿಲು ಜಾಸ್ತಿ ಒಳಕ್ಕೆ ಬಾಗಿದ್ದರೆ ಅಚ್ಚು ಬಿಡಿಸುವಾಗ ಪಟಕ್ಕನೆ ಮುರಿಯುತ್ತದೆ. ಕುರ್ಚಿ ಮಾಡುವವರಿಗೂ ಅದೇ ಗೋಳು. ಅಚ್ಚಿನಿಂದ ಬಿಡಿಸಿಕೊಂಡು ಬರುವ ಆಕಾರ ಬೇಕು, ಮನುಷ್ಯನ ಭಾರ ಹೊರುವಷ್ಟು ಗಟ್ಟಿಯೂ ಇರಬೇಕು. ಮಾರ್ಕೊ ಜಾನೂಸೊ, ರಿಚರ್ಡ್ ಸ್ಯಾಪರ್ ಅನ್ನುವ ಇಬ್ಬರು ಮೊದಲು ಮಕ್ಕಳ ಕುರ್ಚಿ ಮಾಡಿದರು, 1964ರಲ್ಲಿ. ಪೂರ್ತಿ ಪ್ಲಾಸ್ಟಿಕ್ಕನ್ನು ಹೀಗೆ ಅಚ್ಚಿಗೆ ನುಗ್ಗಿಸಿ ಮಾಡಿದ ಕುರ್ಚಿಗಳಲ್ಲಿ ಅದೇ ಮೊದಲನೆಯದು. ದಪ್ಪ ದಪ್ಪ ಕಾಲು, ಒಂದರ ಬೆನ್ನಿಗೆ ಇನ್ನೊಂದರ ಕಾಲು ಸಿಕ್ಕಿಸಿ ಮಕ್ಕಳು ಕೋಟೆ ಕಟ್ಟಬಹುದು. ಮಕ್ಕಳು ಕುರ್ಚಿಯಲ್ಲಿ ಸುಮ್ಮನೆ ಕೂರಲ್ಲ ಅಂತ ಆ ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು, ಅಲ್ವಾ?

ದೊಡ್ಡವರಿಗೆ ಹಾಗೊಂದು ಮಾಡಿದವರು ಜೋ ಕೊಲಂಬೊ. ಅವರ 'ಯೂನಿವರ್ಸಾಲೆ' ಕುರ್ಚಿ 1967ರಲ್ಲಿ ಕಾರ್ಟೆಲ್ಲಿನಿಂದ ಬಂತು. ಕಾಲುಗಳು ಬೇರೆ, ಬೇಕಾದ ಎತ್ತರದ್ದನ್ನು ಹಾಕಿಕೊಳ್ಳಬಹುದು. ಬೆನ್ನಿನ ಕೆಳಗೆ ಒಂದು ದೊಡ್ಡ ತೂತು. ಅಚ್ಚಿನಿಂದ ಕುರ್ಚಿ ಬಿಡಿಸೋದಕ್ಕೂ ಅದು ಬೇಕು, ಕೈ ತೂರಿಸಿ ಕುರ್ಚಿ ಎತ್ತೋದಕ್ಕೂ ಆಯಿತು. ಕೊಲಂಬೊ ಹುಟ್ಟಿದ್ದು 1930ರ ಜುಲೈ 30. ತೀರಿಕೊಂಡದ್ದು 1971ರ ಜುಲೈ 30. ನಲವತ್ತೊಂದು ತುಂಬಿದ ದಿನವೇ. ಅಷ್ಟು ಸಣ್ಣ ವಯಸ್ಸಿನಲ್ಲಿ ಎಷ್ಟೊಂದು ಮಾಡಿಬಿಟ್ಟಿದ್ದಾರೆ ಅಂತ ಮೇಷ್ಟ್ರು ಒಂದು ಗಳಿಗೆ ಸುಮ್ಮನಾದರು.

ನಮ್ಮಲ್ಲಿ ಆಗ ಏನಿತ್ತು ಅಂತ ನೆನಪು ಮಾಡಿಕೊಂಡೆವು. ವೈರ್ ಕುರ್ಚಿ! ಕಬ್ಬಿಣದ ಕಂಬಿಯ ಚೌಕಟ್ಟು, ಅದಕ್ಕೆ ಹೆಣೆದ ಪ್ಲಾಸ್ಟಿಕ್ ವೈರು. ಹಸಿರು ಬಿಳಿ, ಇಲ್ಲದಿದ್ದರೆ ನೀಲಿ ಹಳದಿ. ಚಡ್ಡಿ ಹಾಕಿಕೊಂಡು ಅರ್ಧ ಗಂಟೆ ಕೂತು ಎದ್ದರೆ ತೊಡೆಯ ಹಿಂದೆ ಚೌಕುಳಿ ಅಚ್ಚು ಮೂಡಿರುತ್ತಿತ್ತು. ನನ್ನ ತಮ್ಮ ಅದನ್ನ ಎಲ್ಲರಿಗೂ ತೋರಿಸಿಕೊಂಡು ಓಡಾಡುತ್ತಿದ್ದ. ವೈರು ಸಡಿಲವಾಗಿ ಸೀಟು ಜೋಲಿಯಾದರೆ ಹೆಣೆಯುವವನು ಬೀದಿಗೆ ಬರುತ್ತಿದ್ದ, ಹೆಗಲ ಮೇಲೆ ಬಣ್ಣ ಬಣ್ಣದ ವೈರಿನ ಸುರುಳಿ. ನಮ್ಮ ಜಗಲಿ ಮೇಲೆ ಕೂತು, ಹಳೆಯದನ್ನು ಕತ್ತರಿಸಿ ಹಾಕಿ, ಕಾಲಿನ ಹೆಬ್ಬೆರಳಿಗೆ ವೈರು ಸಿಕ್ಕಿಸಿ ಬಿಗಿಯಾಗಿ ಎಳೆಯುತ್ತಿದ್ದ. ಅಡ್ಡ ಹೆಣೆಯುವಾಗ ವೈರು ಕೀರ್ ಅನ್ನುತ್ತಿತ್ತು. ಅದಕ್ಕೂ ಮುಂಚೆ ಬೆತ್ತ ಇತ್ತು. ಅಂಧರ ಶಾಲೆಗಳಲ್ಲಿ ಬೆತ್ತ ಹೆಣೆಯೋದನ್ನ ಕಲಿಸುತ್ತಿದ್ದರು, ಸರ್ಕಾರಿ ಕಚೇರಿಯ ಕುರ್ಚಿಗಳನ್ನು ಹೆಣೆದುಕೊಟ್ಟವರಲ್ಲಿ ಕಣ್ಣು ಕಾಣದವರು ಎಷ್ಟೋ ಜನ. ಪ್ಲಾಸ್ಟಿಕ್ ವೈರು ಬಂದಾಗ ಬೆತ್ತದ ಹೆಣಿಗೆಯ ಕಲೆಯೇ ಅದಕ್ಕೂ ಇಳಿದು ಬಂತು. ಮೆಕ್ಸಿಕೊ ದೇಶದವರೂ ಹೀಗೇ ಮಾಡಿದ್ದಾರೆ. 'ಆಕಾಪುಲ್ಕೊ' ಅನ್ನುವ ಕುರ್ಚಿ, 1950ರ ದಶಕದ್ದು, ಮೊಟ್ಟೆಯ ಆಕಾರದ ಕಬ್ಬಿಣದ ಬಳೆ, ಅದಕ್ಕೆ ಎಳೆ ಎಳೆಯಾಗಿ ಪ್ಲಾಸ್ಟಿಕ್ ಹುರಿ. ಅದನ್ನು ಮೊದಲು ಮಾಡಿದವರು ಯಾರು ಅಂತ ಲೋಕಕ್ಕೇ ಗೊತ್ತಿಲ್ಲ. ನಮ್ಮ ವೈರ್ ಕುರ್ಚಿಯವನ ಹೆಸರನ್ನೂ ನಾವು ಕೇಳಲಿಲ್ಲ. ಕೇಳಬೇಕಿತ್ತು.

ಹೋಗಲಿ, ಡೆನ್ಮಾರ್ಕಿನ ವರ್ನರ್ ಪ್ಯಾಂಟನ್ ಕಥೆ ಕೇಳಿ. ಅವರ ತಲೆಯಲ್ಲಿ ಒಂದೇ ಹಟ. ಕಾಲೇ ಇಲ್ಲದ, ಜೋಡಣೆಯೇ ಇಲ್ಲದ, ಒಂದೇ ತುಂಡಿನ ಕುರ್ಚಿ. ಅವರಿಗಿಂತ ಮುಂಚೆ ಅಮೆರಿಕದಲ್ಲಿ ಈರೊ ಸಾರಿನೆನ್ ಕೂಡ ಅದಕ್ಕೇ ಹಂಬಲಿಸಿದ್ದರು. ಆದರೆ ಅವರ ಟ್ಯೂಲಿಪ್ ಕುರ್ಚಿಯ ಕಂಬವನ್ನು ಕೊನೆಗೂ ಅಲ್ಯೂಮಿನಿಯಮ್ಮಿನಲ್ಲೇ ಮಾಡಿ ಮೇಲೆ ಬಣ್ಣ ಹೊಡೆಯಬೇಕಾಯಿತು. ಪ್ಲಾಸ್ಟಿಕ್ ತಡೆಯಲಿಲ್ಲ. ಪ್ಯಾಂಟನ್ ಬಾಸೆಲಿಗೆ ಬಂದು ಮನೆ ಮಾಡಿ, ವಿಟ್ರಾದವರ ಜತೆ ವರ್ಷಗಟ್ಟಲೆ ಕೂತು 1967ರಲ್ಲಿ ತೋರಿಸಿಯೇಬಿಟ್ಟರು. ನಾಲಿಗೆ ಚಾಚಿ ಮಡಿಸಿದ ಹಾಗೆ ಒಂದೇ ಬಳುಕು, ಮೇಲೆ ಬೆನ್ನು, ನಡುವೆ ಸೀಟು, ಕೆಳಗೆ ಮುಂಭಾರ ತಡೆಯುವ ಅಗಲ ಪಾದ. ನೋಡಿದರೆ ಮುಂದಕ್ಕೆ ಮುಗ್ಗರಿಸುತ್ತದೇನೋ ಅನ್ನಿಸುತ್ತದೆ, ಕೂತರೆ ಮಾತ್ರ ಸಣ್ಣಗೆ ತೂಗುತ್ತದೆ.

ಆದರೆ ಆ ಕುರ್ಚಿಯ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಮೊದಲು ಗಾಜಿನ ನಾರು ಸೇರಿಸಿ ಮಾಡಿದರು, ಆಮೇಲೆ ಗಟ್ಟಿ ಫೋಮಿನಲ್ಲಿ ಮಾಡಿದರು, ಅದನ್ನು ಕೈಯಿಂದ ಉಜ್ಜಿ ಉಜ್ಜಿ ಬಣ್ಣ ಹಚ್ಚಬೇಕಿತ್ತು. 1971ರಿಂದ ಅಗ್ಗದ ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿದರು. ಕೆಲವೇ ವರ್ಷಕ್ಕೆ ಅವು ಬಳುಕಿನ ಕಡೆ ಸೀಳತೊಡಗಿದವು. 1979ರಲ್ಲಿ ಮಾಡುವುದನ್ನೇ ನಿಲ್ಲಿಸಿಬಿಟ್ಟರು. ಕೊನೆಗೆ ಪಾಲಿಪ್ರೊಪಿಲೀನಿನಲ್ಲಿ, ಎಲ್ಲರ ಕೈಗೂ ಎಟುಕಲಿ ಅಂತ ಪ್ಯಾಂಟನ್ ಬಯಸಿದ ಹಾಗೆ, ಅದು ಬಂದದ್ದು 1999ರಲ್ಲಿ. ಅವರು ತೀರಿಕೊಂಡದ್ದು 1998. ಒಂದು ಕುರ್ಚಿಯನ್ನು ಸರಿಮಾಡೋದಕ್ಕೆ ಮೂವತ್ತು ವರ್ಷ ಹಿಡಿಯಿತು ಅಂದರೆ ನಂಬ್ತೀರಾ? ಸೀಳಿತು ಅಂತ ಯಾರೂ ಆ ಕುರ್ಚಿಯನ್ನು ಹೀಗಳೆಯಲಿಲ್ಲ. 1970ರ ದಶಕದ ಆ ಹಳೇ ತುಂಡುಗಳನ್ನೇ ಇವತ್ತು ಹುಡುಕಿಕೊಂಡು ಹೋಗಿ ಕೊಳ್ಳುವವರಿದ್ದಾರೆ. ಬ್ರಸೆಲ್ಸಿನಲ್ಲಿ ಫಿಲಿಪ್ ದೆಸೆಲ್ ಅನ್ನುವವರು ಇಂಥ ಪ್ಲಾಸ್ಟಿಕ್ ವಸ್ತುಗಳನ್ನೇ ಒಂದೊಂದಾಗಿ ಕೂಡಿಟ್ಟಿದ್ದರು. 2015ರಲ್ಲಿ ಅವುಗಳಿಗಾಗಿ ಅಲ್ಲಿನ ಆಟೋಮಿಯಮ್ ಪಕ್ಕದಲ್ಲಿ ಒಂದು ವಸ್ತುಸಂಗ್ರಹಾಲಯವೇ ಶುರುವಾಯಿತು.

ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯ ಹೆಸರು ಮೇಷ್ಟ್ರಿಗೂ ಗೊತ್ತಿತ್ತು. 1950ರಲ್ಲಿ ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ಕಿನ ಚಿಪ್ಪಿನಂಥ ಕುರ್ಚಿಯನ್ನು ಸಾವಿರಗಟ್ಟಲೆ ಮಾಡಿಸಿದವರು. ಅವರನ್ನು ನಮ್ಮ ಸರ್ಕಾರ ಕರೆಸಿಕೊಂಡಿತ್ತು. ದೇಶವನ್ನೆಲ್ಲ ಸುತ್ತಿ 1958ರಲ್ಲಿ ಒಂದು ವರದಿ ಕೊಟ್ಟರು. ಅದರಿಂದಲೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು. ಇಲ್ಲಿ ನೋಡಿದ್ದರಲ್ಲಿ ಅವರ ಮನಸ್ಸು ಹಿಡಿದದ್ದು ಯಾವುದು ಹೇಳಿ? ತಂಬಿಗೆ! ನಮ್ಮ ಲೋಟ ತಂಬಿಗೆಯ ತಂಬಿಗೆ. ಸೊಂಟದ ಮೇಲೆ ಕೂರುವ ರೀತಿ, ಕತ್ತು ಹಿಡಿದಾಗ ಕೈಗೆ ಬರುವ ಭಾರ, ತುಂಬಿದಾಗ ಹೇಗೆ, ಖಾಲಿಯಾದಾಗ ಹೇಗೆ ಅಂತೆಲ್ಲ ಯೋಚಿಸಿ ಬರೆದಿದ್ದಾರೆ. ಪ್ಲಾಸ್ಟಿಕ್ ಕುರ್ಚಿ ಮಾಡಿದ ಕಣ್ಣೇ ತಂಬಿಗೆಯನ್ನೂ ಮೆಚ್ಚಿದ್ದು. ಹಿತ್ತಲ ಗಿಡ ಮದ್ದಲ್ಲ ಅಂತ ನಮಗೆ ಅಭ್ಯಾಸ. ತಂಬಿಗೆ ಮಾಡಿದ ತಪ್ಪೇನು, ಈ ಕೆಂಪು ಕುರ್ಚಿ ಮಾಡಿದ ತಪ್ಪೇನು?

ಆ ಕಾಲದಲ್ಲಿ ಯುರೋಪಿನವರಿಗೆ ಪ್ಲಾಸ್ಟಿಕ್ ಅಂದರೆ ಹಬ್ಬ. 1967ರಲ್ಲೇ ಇಟಲಿಯ ಜಾನೊಟ್ಟಾ ಕಂಪನಿಯವರು ಗಾಳಿ ತುಂಬಿ ಕೂರುವ ಕುರ್ಚಿ ತಂದರು, ಹೆಸರು 'ಬ್ಲೋ'. ಜತೆಗೆ ತೇಪೆ ಹಾಕುವ ಸಾಮಾನನ್ನೂ ಕೊಡುತ್ತಿದ್ದರು, ಸೈಕಲ್ ಪಂಕ್ಚರ್ ಹಾಕುವ ಹಾಗೆ! ಆಮೇಲೆ 1973ರಲ್ಲಿ ಎಣ್ಣೆಯ ಬೆಲೆ ಗಗನಕ್ಕೇರಿತು. ಪ್ಲಾಸ್ಟಿಕ್ ಹುಟ್ಟೋದೇ ಎಣ್ಣೆಯಿಂದ ತಾನೇ? ಹಬ್ಬ ಮುಗಿಯಿತು. ಇಟಲಿಯವರ ಆ ಬಣ್ಣದ ಕುರ್ಚಿಗಳು ಎಷ್ಟೋ ಮನೆಗಳಲ್ಲಿ ಅಟ್ಟ ಸೇರಿದವು.

ಹಾಗಾದರೆ ಮೇಷ್ಟ್ರ ಕುರ್ಚಿ ಎಲ್ಲಿಂದ ಬಂತು? ಫ್ರಾನ್ಸಿನಿಂದ. ಅಲ್ಲಿ ಒಯೊನ್ನಾ ಅಂತ ಒಂದು ಊರು ಇದೆ, ತಲೆಮಾರುಗಳಿಂದ ಬಾಚಣಿಗೆ ಮಾಡುವವರ ಊರು. ಮೊದಲು ಮರದ ಬಾಚಣಿಗೆ, ಆಮೇಲೆ ಕೊಂಬಿನದು, ಆಮೇಲೆ ಸೆಲ್ಯುಲಾಯ್ಡಿನದು. ಬಾಚಣಿಗೆಯ ಹಲ್ಲು ಹಿಡಿದುಕೊಂಡೇ ಆ ಸೀಮೆ ಪ್ಲಾಸ್ಟಿಕ್ಕಿನ ಕಣಿವೆ ಆಯಿತು. ಅದೇ ಸೀಮೆಯಲ್ಲಿ ಆನ್ರಿ ಮಸೊನೆ ಅನ್ನುವವರ ಕಾರ್ಖಾನೆ. 1968ರಲ್ಲಿ ಮೀನು ಹಿಡಿಯುವವರು ಕೆರೆ ದಡದಲ್ಲಿ ಕೂರಲಿ ಅಂತ ಅವರು ಡಮರುಗದ ಆಕಾರದ ಒಂದು ಸ್ಟೂಲು ಮಾಡಿದರು, 'ಟಾಮ್ ಟಾಮ್' ಅಂತ. 1972ರಲ್ಲಿ 'ಫೊತೆಯ್ 300' ಅನ್ನುವ ಕೈಕುರ್ಚಿ ಮಾಡಿದರು. ಒಂದೇ ತುಂಡು, ಒಂದೇ ಅಚ್ಚು, ಎರಡು ನಿಮಿಷದೊಳಗೆ ಒಂದು ಕುರ್ಚಿ. ನಾವು ಒಂದು ಲೋಟ ಕಾಫಿ ಆರಿಸಿಕೊಳ್ಳುವಷ್ಟು ಹೊತ್ತು. ಅದಕ್ಕವರು ಪೇಟೆಂಟ್ ಮಾಡಿಸಲಿಲ್ಲ. ನೋಡಿದವರೆಲ್ಲ ಅದೇ ತರಹ ಮಾಡತೊಡಗಿದರು, ಇನ್ನಷ್ಟು ತೆಳು, ಇನ್ನಷ್ಟು ಹಗುರ, ಇನ್ನಷ್ಟು ಅಗ್ಗ. ಸಾರಿನೆನ್, ಪ್ಯಾಂಟನ್ ಇಬ್ಬರೂ ಕನಸು ಕಂಡಿದ್ದ ಒಂದೇ ತುಂಡಿನ ಕುರ್ಚಿ ಮಂಡ್ಯದ ಚಹಾ ಅಂಗಡಿಗೂ ಆಫ್ರಿಕಾದ ಹಳ್ಳಿಗೂ ಬಂದು ಕೂತದ್ದು ಹೀಗೆ. ಲೋಕದಲ್ಲಿ ಅತಿ ಹೆಚ್ಚು ಜನ ಕೂರುವ ಕುರ್ಚಿ ಇದೇ ಅಂತ ವಿನ್ಯಾಸದವರೇ ಹೇಳುತ್ತಾರೆ. ಇತಿಹಾಸದಲ್ಲಿ ಅದರ ಜಾಗ ಎಲ್ಲಿ ಅಂತ ಕೇಳಿದರೆ, ಪ್ಯಾಂಟನ್ ಕುರ್ಚಿಯ ಪಕ್ಕದಲ್ಲೇ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಎಲ್ಲರಿಗೂ ಹಾಗನ್ನಿಸಲಿಲ್ಲ. ಬಾಸೆಲ್ ನಗರದವರು 2008ರಿಂದ 2017ರವರೆಗೆ ಬೀದಿ ಬದಿಯ ಹೋಟೆಲುಗಳಲ್ಲಿ ಈ ಕುರ್ಚಿ ಹಾಕಬಾರದು ಅಂತ ನಿಷೇಧ ಮಾಡಿದ್ದರು. ಊರಿನ ಅಂದ ಕೆಡುತ್ತದಂತೆ. ಪ್ಯಾಂಟನ್ ಬಾಳಿ ಬದುಕಿದ ಊರು ಅದು! ನನ್ನ ತಂಗಿ ಮಗಳು ಇದನ್ನ ಹೇಳಿದಾಗ ನನಗೆ ಬೇಜಾರಾಯಿತು. ನಿಷೇಧ ತೆಗೆದ 2017ರಲ್ಲೇ ಗಡಿಯಾಚೆ ವಿಟ್ರಾದವರು ಈ ಕುರ್ಚಿಯದೇ ಒಂದು ಪ್ರದರ್ಶನ ಇಟ್ಟರು.

ಆ ಕುರ್ಚಿ ಮಾಡಿದ ಒಂದು ಕೆಲಸ ಕೇಳಿದರೆ ಬಾಸೆಲಿನವರೂ ತಲೆದೂಗಬೇಕು. ಡಾನ್ ಶೋಂಡಾರ್ಫರ್ ಅಂತ ಅಮೆರಿಕದ ಒಬ್ಬ ಎಂಜಿನಿಯರು. ಹಿಂದೊಮ್ಮೆ ಮೊರಾಕೊ ದೇಶದಲ್ಲಿ ಒಬ್ಬ ಹೆಂಗಸು ಕಾಲು ಬಾರದೆ ಮಣ್ಣಿನ ರಸ್ತೆಯ ಮೇಲೆ ಕೈಯೂರಿ ತೆವಳಿಕೊಂಡು ಹೋಗೋದನ್ನ ನೋಡಿದ್ದರು. ಆ ನೋಟ ಅವರನ್ನು ಬಿಡಲಿಲ್ಲ. ಅಗ್ಗದ ಗಾಲಿಕುರ್ಚಿ ಮಾಡಬೇಕು, ಎಲ್ಲಿ ಬೇಕಾದರೂ ಓಡಬೇಕು ಅಂತ ಹುಡುಕಿ ಹುಡುಕಿ ಕೊನೆಗೆ ಕೈಗೆತ್ತಿಕೊಂಡದ್ದು ಇದೇ ಜಾತಿಯ ಬಿಳಿ ಪ್ಲಾಸ್ಟಿಕ್ ಕುರ್ಚಿ. ಅದಕ್ಕೆ ಕಬ್ಬಿಣದ ಚೌಕಟ್ಟು, ಎರಡು ಸೈಕಲ್ ಚಕ್ರ. 2001ರಲ್ಲಿ ಮೊದಲ ನಾಲ್ಕನ್ನು ತೆಗೆದುಕೊಂಡು ಅವರು ಬಂದದ್ದು ನಮ್ಮ ದೇಶಕ್ಕೇ, ಪಕ್ಕದ ಚೆನ್ನೈ ಕಡೆಗೆ. ಅವತ್ತು ಶುರುವಾದ ಕೆಲಸದಿಂದ ಇಲ್ಲಿಯವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಗಾಲಿಕುರ್ಚಿಗಳು ಬಡವರ ಮನೆ ಸೇರಿವೆ. ಕುರ್ಚಿ ಹಗುರ, ತೊಳೆಯೋದು ಸುಲಭ, ತುಕ್ಕು ಹಿಡಿಯಲ್ಲ, ಮುರಿದರೆ ಊರಿನಲ್ಲೇ ಇನ್ನೊಂದು ಸಿಗುತ್ತೆ. ಇಷ್ಟು ಕೇಳಿದ ಮೇಲೆ ಗುಜರಿಯವನೇ ಎದ್ದು ಬಂದು 'ಸಾಮೀ, ಕುರ್ಚಿ ಇಟ್ಕಳಿ. ನಂಗೆ ಪೇಪರ್ ಸಾಕು' ಅಂದ.

ಆದರೆ ಸೀಳು? ಮೇಷ್ಟ್ರು ಅಂಗಡಿಯಿಂದ ಗೋಂದು ತಂದು ಎರಡು ಸಲ ಹಚ್ಚಿ ಸೋತಿದ್ದರಂತೆ. ಸೋಲಲೇಬೇಕು. ಪಾಲಿಪ್ರೊಪಿಲೀನಿನ ಮೈಯೇ ಹಾಗೆ, ಮೇಣದ ಹಾಗೆ, ಸಾಮಾನ್ಯ ಗೋಂದು ಹಿಡಿಯೋದೇ ಇಲ್ಲ. ಗೋಂದಿನ ಟ್ಯೂಬಿನ ಮುಚ್ಚಳವನ್ನು ಅದರಲ್ಲೇ ಮಾಡುತ್ತಾರೆ ಅಂದರೆ ನೋಡಿ! ಅದಕ್ಕೆ ಹೊಲಿಗೆಯೇ ಮದ್ದು. ನಮ್ಮ ಮನೆಯಿಂದ ಗೋಣಿ ಹೊಲಿಯುವ ದಬ್ಬಣ ತಂದೆ. ಇಕ್ಕಳದಲ್ಲಿ ಹಿಡಿದು ಒಲೆಯ ಉರಿಗೆ ಕಾಯಿಸಿ, ಮೊದಲು ಸೀಳು ಮುಗಿಯುವ ತುದಿಯಲ್ಲಿ ಒಂದು ದುಂಡು ತೂತು ಹಾಕಿದೆವು. ಆ ತೂತು ಇದ್ದರೆ ಸೀಳು ಮುಂದಕ್ಕೆ ಓಡಲ್ಲ ಅಂದರು ಮೇಷ್ಟ್ರು, ಬಿಗಿಯೆಲ್ಲ ಒಂದೇ ಮೊನೆಯಲ್ಲಿ ನಿಲ್ಲದೆ ದುಂಡಗೆ ಹಂಚಿಹೋಗುತ್ತದಂತೆ. ಆಮೇಲೆ ಸೀಳಿನ ಎರಡೂ ಕಡೆ, ಅಂಚಿನಿಂದ ಅರ್ಧ ಬೆರಳು ಬಿಟ್ಟು, ಜೋಡಿ ಜೋಡಿಯಾಗಿ ಏಳೇಳು ತೂತು. ಹಳೇ ಫ್ಯಾನಿನ ತಾಮ್ರದ ತಂತಿ ತೆಗೆದು, ರವಿಕೆಗೆ ಹೆಮ್ಮಿಂಗ್ ಮಾಡಿದ ಹಾಗೆ ಓರೆಯಾಗಿ ಎಳೆದು, ಇಕ್ಕಳದಿಂದ ಬಿಗಿದು, ತುದಿಯನ್ನು ಒಳಕ್ಕೆ ಮಡಿಸಿದೆವು, ಸೀರೆಗೆ ಸಿಕ್ಕಬಾರದಲ್ಲ. ಗುಜರಿಯವನು ಪಕ್ಕದಲ್ಲಿ ಕೂತು ಕುರ್ಚಿಯನ್ನು ಅಲುಗಾಡದ ಹಾಗೆ ಹಿಡಿದುಕೊಂಡಿದ್ದ. ಮುಗಿದ ಮೇಲೆ ಮೇಷ್ಟ್ರ ಹೆಂಡತಿ ಒದ್ದೆ ಬಟ್ಟೆಯಲ್ಲಿ ಪುಡಿಯನ್ನೆಲ್ಲ ಒರೆಸಿ, ತಾವೇ ಮೊದಲು ಕೂತರು. ಹೊಲಿಗೆ ಒಂದು ಚೂರೂ ಸದ್ದು ಮಾಡಲಿಲ್ಲ.

ಕುರ್ಚಿ ಈಗ ಅವರ ಜಗಲಿಯಲ್ಲಿದೆ, ಬಿಸಿಲು ತಾಕದ ಮೂಲೆಯಲ್ಲಿ. ಹಳೆಯ ಕುಂಕುಮದ ಬಣ್ಣ ವಾಪಸ್ ಬರಲ್ಲ, ಆದರೆ ಪುಡಿ ಉದುರೋದು ನಿಂತಿದೆ. ನಿಮ್ಮ ಮನೆಯಲ್ಲೂ ಒಂದು ಇದ್ದೇ ಇರುತ್ತದೆ, ಅಲ್ವಾ? ಸಾಯಂಕಾಲ ಒಂದು ಸಲ ಬೋರಲು ಹಾಕಿ ಅದರ ಹೊಕ್ಕಳು ನೋಡಿ. ಅಂಗಳದಲ್ಲಿದ್ದರೆ ಮಾತ್ರ ಸಾಯಂಕಾಲದವರೆಗೆ ಕಾಯಬೇಡಿ, ಈಗಲೇ ನೆರಳಿಗೆ ತಂದಿಡಿ.